ಹುಣಸೂರಿನ 37 ಕೆಂಪು ಕಲ್ಲು: ಒಂದು ಚೀಲ ‘ಮಾಣಿಕ್ಯ’ದ ಪೂರ್ತಿ ಕಥೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ರತ್ನಪರೀಕ್ಷಕ ಅಲ್ಲ. ಬೆಂಗಳೂರಲ್ಲಿ ದಿನಾ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳೋನು. ಕಲ್ಲಿನ ಹುಚ್ಚು ಹತ್ತಿ ನಾಲ್ಕೈದು ವರ್ಷ ಆಯ್ತು, ಮನೇಲಿ ಒಂದು 10ಎಕ್ಸ್ ಲೂಪು (ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಪುಟ್ಟ ಲೆನ್ಸು), ಒಂದು ಪುಟ್ಟ ಡಿಜಿಟಲ್ ತಕ್ಕಡಿ, ಎರಡು ಟಾರ್ಚು, ಒಂದು ಮ್ಯಾಗ್ನೆಟ್ ಇದೆ, ಮಿಕ್ಕಿದ್ದೆಲ್ಲ ಕೈ ಸುಟ್ಕೊಂಡು ಕಲ್ತದ್ದು. ಈ ಕೇಸು ನಮ್ಮ ಅಕ್ಕನ ಮನೇದು. ಭಾವನ್ನ ಕೇಳ್ಕೊಂಡೇ ಬರೀತಿದೀನಿ, ಊರಿನ ಹೆಸರು ಬಿಟ್ಟು ಬೇರೆ ಗುರುತು ಹಾಕ್ಬೇಡ ಅಂದಿದಾರೆ.

ಭಾವಂದು ಹುಣಸೂರು ಕಡೆ, ಹೊಗೆಸೊಪ್ಪು ಬೆಳೀತಾರೆ. ಹರಾಜಿನ ದುಡ್ಡು ಯಾವಾಗ ಕೈಗೆ ಬರುತ್ತೆ ಅಂತ ಆ ಕಡೆ ಎಲ್ರಿಗೂ ಗೊತ್ತು, ಟ್ರ್ಯಾಕ್ಟರ್ ಮಾರೋನಿಂದ ಹಿಡಿದು ಚೀಟಿ ನಡೆಸೋನ ತನಕ ಎಲ್ಲಾ ಆ ಟೈಮಿಗೆ ಸರಿಯಾಗಿ ಮನೆ ಬಾಗಿಲಿಗೆ ಬರ್ತಾರೆ. ಆ ಸಲ ಕಲ್ಲು ಮಾರೋನೂ ಬಂದ. ಪರಿಚಯದವ್ರ ಪರಿಚಯ, ನಲವತ್ತರ ಆಸುಪಾಸಿನ ಮನುಷ್ಯ, ಒಳ್ಳೆ ಮಾತು. ಕೊಡಗಿನ ಕಡೆ ಕಾಡಂಚಲ್ಲಿ ಅಜ್ಜನ ಕಾಲದ ಜಮೀನು, ಬಾವಿ ತೋಡುವಾಗ ಸಿಕ್ಕಿದ್ದು, ಮಗಳ ಮದುವೆ ಇದೆ, ಹೊರಗೆ ಗೊತ್ತಾದ್ರೆ ಸರ್ಕಾರದವ್ರು ಬಂದು ತಗೊಂಡೋಗ್ತಾರೆ ಅದಕ್ಕೇ ಗುಟ್ಟಾಗಿ ಕೊಡ್ತಿದೀನಿ ಅಂತ. ಚೀಲದಲ್ಲಿ 412 ಗ್ರಾಂ, 37 ಕಲ್ಲು, ಎಲ್ಲಾ ಕೆಂಪು. ಎರಡು ಲಕ್ಷದ ನಲವತ್ತು ಸಾವಿರದಿಂದ ಶುರುವಾಗಿ 1,80,000ಕ್ಕೆ ಮಾತು ನಿಂತು, 40,000 ಅಡ್ವಾನ್ಸ್ ಕೊಟ್ಟು, ಮಿಕ್ಕಿದ್ದು ಹತ್ತು ದಿನದಲ್ಲಿ ಅಂತ ಆಯ್ತು. ಚೀಲ ಭಾವನ ಹತ್ರನೇ ಬಿಟ್ಟು ಹೋದ. ‘ನಂಬಿಕೆ ಮುಖ್ಯ ಅಣ್ಣಾ’ ಅಂದನಂತೆ.

ನನಗೆ ಫೋನ್ ಬಂದಿದ್ದು ಇಷ್ಟೆಲ್ಲಾ ಆದ್ಮೇಲೆ. ‘ನೋಡಪ್ಪ, ಒಂದು ಐಟಂ ತಗೊಂಡಿದೀನಿ, ನೀನು ಈ ಶನಿವಾರ ಬಂದು ಒಂದ್ಸಲ ನೋಡ್ಬೇಕು.’ ಯಾವಾಗ್ಲೂ ಹಿಂಗೇ, ತಗೊಂಡ್ಮೇಲೆ ಕೇಳ್ತಾರೆ, ತಗೊಳೋ ಮುಂಚೆ ಕೇಳಿದೋರನ್ನ ನಾನಂತೂ ಇನ್ನೂ ನೋಡಿಲ್ಲ.

ಬಸ್ಸಲ್ಲೇ ಫೋನಲ್ಲಿ ಲೆಕ್ಕ ಹಾಕ್ದೆ. ಒಂದು ಗ್ರಾಂಗೆ ಐದು ಕ್ಯಾರೆಟ್, 412 ಗ್ರಾಂ ಅಂದ್ರೆ 2,060 ಕ್ಯಾರೆಟ್, 1,80,000 ಭಾಗಿಸು 2,060, ಕ್ಯಾರೆಟ್‌ಗೆ 87 ರೂಪಾಯಿ. ಇಲ್ಲೇ ಅರ್ಧ ಕೇಸು ಮುಗೀತು ನನ್ನ ಪ್ರಕಾರ. ಬೆಳಕು ಆರ್‌ಪಾರ್ ಹೋಗೋ, ಕಟ್ ಮಾಡಿದ್ರೆ ಉಂಗುರಕ್ಕೆ ಕೂರೋ ಕ್ವಾಲಿಟಿ ಮಾಣಿಕ್ಯದ ರಫ್ (ಅಂದ್ರೆ ಇನ್ನೂ ಕುಯ್ಯದ ಕಚ್ಚಾ ಕಲ್ಲು) ಆಗಿದ್ರೆ ಈ ರೇಟಿಗೆ ಯಾವನೂ ಕೊಡಲ್ಲ, ಅದು ಎಷ್ಟೋ ಪಟ್ಟು ಮೇಲೆ. ಬೆಳಕು ಹೋಗದ ಮೊದ್ದು ಕಲ್ಲಾಗಿದ್ರೆ ಇದೇ ಜಾಸ್ತಿ ಆಯ್ತು, ಅಂಥದ್ದು ಕೆಜಿ ಲೆಕ್ಕದಲ್ಲಿ ಹೋಗುತ್ತೆ, ಮಣಿ ಮಾಡೋಕೆ. ಅಂದ್ರೆ 87 ರೂಪಾಯಿ ಅನ್ನೋದು ಕಲ್ಲು ನೋಡಿ ಇಟ್ಟ ಬೆಲೆ ಅಲ್ಲ, ಗಿರಾಕಿ ಜೇಬು ನೋಡಿ ಇಟ್ಟ ಬೆಲೆ. ‘ಬರೀ ಎಂಬತ್ತೇಳು ರೂಪಾಯಿಗೆ ಮಾಣಿಕ್ಯ, ಹತ್ರಲ್ಲಿ ಒಂದು ಗೆದ್ರೂ ಸಾಕು’ ಅಂತ ನಮ್ಮ ತಲೆನೇ ಮಿಕ್ಕಿದ ಕೆಲ್ಸ ಮಾಡ್ಕೊಡುತ್ತೆ.

ಆದ್ರೂ ಪೂರ್ತಿ ಸುಳ್ಳು ಅಂತ ಒಂದೇ ಏಟಿಗೆ ತಳ್ಳಿ ಹಾಕೋಹಾಗಿಲ್ಲ, ಯಾಕಂದ್ರೆ ನಮ್ಮ ಕಡೆ ಕೆಂಪು ಕಲ್ಲು ಸಿಗೋದು ನಿಜ. ಮೈಸೂರು, ಮಂಡ್ಯ, ಹಾಸನ ಸೀಮೇಲಿ ಕೊರಂಡಂ ಹಿಂದಿನಿಂದ್ಲೂ ಸಿಕ್ಕಿದೆ, ಮಾಣಿಕ್ಯ ಅಂದ್ರೆ ಇದೇ ಖನಿಜದ ಕೆಂಪು ಜಾತಿ. ಆ ಇಂಗ್ಲಿಷ್ ಹೆಸರೇ ಬಂದಿರೋದು ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಇಂದ, ಸಾಣೆ ಹಿಡಿಯೋಕೆ ಪುಡಿ ಮಾಡಿ ಬಳಸ್ತಿದ್ದ ಗಟ್ಟಿ ಕಲ್ಲದು. ಹಸಿರು ಕಲ್ಲೊಳಗೆ ಗುಂಡುಗುಂಡಾಗಿ ಕೆಂಪು ಕೂತಿರೋ ಪೀಸುಗಳು ಮೈಸೂರು ಕಡೆಯಿಂದ ಹೊರದೇಶಕ್ಕೂ ಹೋಗ್ತವೆ. ಇತ್ತ ಕೊಡಗಿನ ತಲಕಾವೇರಿ ಕಡೆ, ಅತ್ತ ಸುಳ್ಯ-ಸುಬ್ರಹ್ಮಣ್ಯದ ಕಾಡಲ್ಲಿ ಹರಳು ಕಲ್ಲು ಕದ್ದು ಅಗಿಯೋ ದಂಧೆ ಬಗ್ಗೆ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ಹಂಪಿಯ ಬೀದೀಲಿ ರತ್ನ ರಾಶಿ ಹಾಕಿ ಮಾರ್ತಿದ್ರು ಅಂತ ಸ್ಕೂಲಲ್ಲೇ ಓದ್ಕೊಂಡು ಬೆಳೆದೋರು ನಾವು. ಹಂಗಾಗಿ ‘ಅಜ್ಜನ ಜಮೀನಲ್ಲಿ ಸಿಕ್ತು’ ಅಂದ್ರೆ ನಮ್ಮೋರಿಗೆ ತಟ್ಟನೆ ನಂಬಿಕೆ ಬರುತ್ತೆ. ನಿಜದ ಮೇಲೆ ಸುಳ್ಳು ಕಟ್ಟೋನೇ ಒಳ್ಳೆ ಮಾರಾಟಗಾರ.

ಆ ಮನುಷ್ಯ ಮನೇಲಿ ಏನೇನು ಟೆಸ್ಟ್ ಮಾಡಿ ತೋರಿಸಿದ ಅಂತ ಭಾವನ್ನ ಕೂರಿಸ್ಕೊಂಡು ಒಂದೊಂದೇ ಕೇಳ್ದೆ. ಮೊದ್ಲು ಒಂದು ಕಲ್ಲು ತಗೊಂಡು ಕನ್ನಡಿ ಮೇಲೆ ಗೀರಿದ, ಗೆರೆ ಬಿತ್ತು. ಸರಿ, ಗಾಜನ್ನ ಬೆಣಚುಕಲ್ಲೂ ಗೀರುತ್ತೆ, ಹೊಳೆ ದಂಡೇಲಿ ಬಿದ್ದಿರೋ ಬಿಳಿ ಕಲ್ಲು ತಗೊಂಡು ನೀವೂ ಗೀರಿ ನೋಡಿ. ಎರಡನೇದು, ಲೋಟದ ಹಾಲಿಗೆ ಕಲ್ಲು ಹಾಕಿ ಟಾರ್ಚ್ ಬಿಟ್ಟ, ಹಾಲು ಕೆಂಪಗೆ ಕಾಣ್ತು, ‘ಶಾಸ್ತ್ರದಲ್ಲೇ ಹೇಳಿದಾರೆ’ ಅಂದ. ಕೆಂಪು ಬಳೆ ಚೂರು ಹಾಕಿದ್ರೂ ಹಂಗೇ ಕಾಣುತ್ತೆ, ಬೆಳಕು ಕೆಂಪಲ್ಲಿ ಹಾದು ಬಂದ್ರೆ ಹಾಲು ಕೆಂಪಾಗದೆ ಇನ್ನೇನಾಗುತ್ತೆ. ಮೂರನೇದಕ್ಕೆ ಮಾತ್ರ ಭಾವ ಫ್ಲ್ಯಾಟ್ ಆಗಿದಾರೆ. ಪೆನ್ ತರದ ಒಂದು ಟೆಸ್ಟರ್ ತೆಗೆದು ಕಲ್ಲಿಗೆ ಚುಚ್ಚಿದ, ಮುಳ್ಳು ಸರಿದು ‘ರೂಬಿ’ ಅಂತ ಬರೆದ ಜಾಗಕ್ಕೆ ಬಂತು. ಮೆಷಿನ್ನೇ ಹೇಳಿದ್ಮೇಲೆ ಇನ್ನೇನು! ಆ ಮೆಷಿನ್ ನೋಡೋದು ಕಲ್ಲಲ್ಲಿ ಶಾಖ ಎಷ್ಟು ಬೇಗ ಹರಿಯುತ್ತೆ ಅಂತ ಅಷ್ಟೇ, ಕಲ್ಲು ನೆಲದಲ್ಲಿ ಹುಟ್ತಾ ಫ್ಯಾಕ್ಟರೀಲಿ ಹುಟ್ತಾ ಅಂತ ಅದಕ್ಕೆ ಗೊತ್ತಾಗಲ್ಲ.

‘ಯಾವ ಕಲ್ಲಿಗೆ ಚುಚ್ಚಿದ್ದು ಭಾವ, ನೀವು ಆರಿಸಿ ಕೊಟ್ಟಿದ್ದಾ ಅವನೇ ತೆಗೆದಿದ್ದಾ?’

ಭಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ‘ಅವನೇ ತೆಗೆದ. ಎರಡೋ ಮೂರೋ ಕಲ್ಲು. ಚೆನ್ನಾಗಿದ್ವು ಅವು.’

ಇನ್ನೊಂದು ವಿಷ್ಯ, ಇದೆಲ್ಲಾ ನಡೆದಿದ್ದು ಸಂಜೆ ಏಳು ಗಂಟೆಗೆ, ಹಜಾರದ ಹಳದಿ ಬಲ್ಬ್ ಕೆಳಗೆ, ಹಿತ್ತಾಳೆ ತಟ್ಟೇಲಿ, ಕಲ್ಲಿನ ಮೇಲೆ ನೀರು ಚಿಮುಕಿಸಿ. ಕೆಂಪು ಕಲ್ಲಿಗೆ ಹಳದಿ ಬೆಳಕು ಅಂದ್ರೆ ಮದುಮಗಳಿಗೆ ಮೇಕಪ್ ಹಾಕಿದಂಗೆ, ಸಾಧಾರಣ ಕಲ್ಲೂ ಕೆಂಡದ ತರ ಕಾಣುತ್ತೆ. ನೀರು ಬಿದ್ರೆ ಮೇಲಿನ ಒರಟು, ಸಣ್ಣ ಬಿರುಕು ಎಲ್ಲಾ ಮುಚ್ಚಿಹೋಗುತ್ತೆ. ರಫ್ ನೋಡೋದಾದ್ರೆ ಬೆಳಿಗ್ಗೆ ಹೊತ್ತು, ಕಿಟಕಿ ಹತ್ರ, ನೇರ ಬಿಸಿಲು ಬೀಳದ ಜಾಗದಲ್ಲಿ, ಬಿಳಿ ಪೇಪರ್ ಮೇಲೆ, ಒಣಗಿದ ಕಲ್ಲು ನೋಡ್ಬೇಕು. ಆಮೇಲೆ ಬೇಕಾದ್ರೆ ನೀರು ಹಾಕಿ ಒಳಗೆ ನೋಡಿ, ಅದು ನಿಮ್ಮ ಅನುಕೂಲಕ್ಕೆ, ಅವನ ಅನುಕೂಲಕ್ಕಲ್ಲ.

ಶನಿವಾರ ಬೆಳಿಗ್ಗೆ ತಿಂಡಿ ಆದ್ಮೇಲೆ ಅಕ್ಕ ಊಟದ ಟೇಬಲ್ ಖಾಲಿ ಮಾಡಿ ಕೊಟ್ಳು, ಬಿಳಿ ಪಂಚೆ ಹಾಸಿ 37 ಕಲ್ಲನ್ನೂ ಸಾಲಾಗಿ ಇಟ್ವಿ, ಒಂದೊಂದಕ್ಕೂ ನಂಬರ್ ಚೀಟಿ.

ಮೊದಲ ಕೆಲ್ಸಕ್ಕೆ ಅಕ್ಕನ ನೈಲ್ ಪಾಲಿಶ್ ರಿಮೂವರ್. ಹತ್ತಿ ಅದ್ದಿ ಪ್ರತಿ ಕಲ್ಲನ್ನೂ ಚೆನ್ನಾಗಿ ಉಜ್ಜಿದ್ವಿ. ಒಂಬತ್ತು ಕಲ್ಲಲ್ಲಿ ಹತ್ತಿ ಗುಲಾಬಿ ಬಣ್ಣ ಆಯ್ತು. ಬೆಣಚುಕಲ್ಲನ್ನ ಕಾಯಿಸಿ ಬಣ್ಣದ ನೀರಿಗೆ ಹಾಕಿದ್ರೆ ಬಿರುಕು ಬಿಟ್ಟು ಆ ಬಿರುಕಿಗೆಲ್ಲಾ ಬಣ್ಣ ನುಗ್ಗುತ್ತೆ, ಲೂಪಲ್ಲಿ ನೋಡಿದ್ರೆ ಕೆಂಪು ಬಣ್ಣ ಕಲ್ಲಲ್ಲಿ ಇಲ್ಲ, ಬಿರುಕಲ್ಲಿ ಮಾತ್ರ ಜೇಡರ ಬಲೆ ತರ ನಿಂತಿದೆ. ಅಕ್ಕ ಅಲ್ಲೇ ಬಾಗಿಲ ಹತ್ರ ನಿಂತು ‘ನನ್ನ ಕೇಳಿದ್ರೆ ನೂರೈವತ್ತು ರೂಪಾಯಿ ಬಾಟ್ಲೀಲಿ ಮುಗೀತಿತ್ತು’ ಅಂದ್ಳು, ಭಾವ ಕಾಫಿ ಕುಡಿಯೋದ್ರಲ್ಲಿ ತುಂಬಾ ಬ್ಯುಸಿ ಇದ್ರು.

ಆಮೇಲೆ ನೀರಿನ ತೂಕ. ಇದು ಮನೇಲೇ ಯಾರು ಬೇಕಾದ್ರೂ ಮಾಡ್ಬೋದಾದ್ದು, ಬೇಕಿರೋದು ಗ್ರಾಂನ ನೂರನೇ ಒಂದು ಭಾಗ ತೋರಿಸೋ ಚಿಕ್ಕ ತಕ್ಕಡಿ. ಕಲ್ಲನ್ನ ಒಣಗಿಸಿ ತೂಕ ಬರ್ಕೊಳ್ಳಿ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ಸಣ್ಣ ದಾರ ಕಟ್ಟಿ, ಕೈಯಲ್ಲಿ ಹಿಡ್ಕೊಂಡು ನೀರಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಪಕ್ಕಕ್ಕೂ ತಾಗಬಾರ್ದು. ಈಗ ತಕ್ಕಡಿ ಒಂದು ನಂಬರ್ ತೋರಿಸುತ್ತೆ, ಅದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ನಂಬರನ್ನ ಎರಡನೇದ್ರಿಂದ ಭಾಗಿಸಿದ್ರೆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ, ಇಲ್ದಿದ್ರೆ ಒರಟು ಮೈಗೆ ಗಾಳಿಗುಳ್ಳೆ ಅಂಟ್ಕೊಂಡು ಲೆಕ್ಕ ತಪ್ಪುತ್ತೆ.

ಬಣ್ಣ ಬಿಟ್ಟಿದ್ದ ಒಂದು ಕಲ್ಲು: 11.30 ಗ್ರಾಂ, ನೀರಲ್ಲಿ 4.26, ಅಂದ್ರೆ 2.65. ಪಕ್ಕಾ ಬೆಣಚುಕಲ್ಲಿನ ನಂಬರ್. ಇನ್ನೊಂದು, ಬಣ್ಣ ಬಿಡ್ದೇ ಇದ್ದಿದ್ದು, 8.75ಕ್ಕೆ 3.50, ಅಂದ್ರೆ 2.50, ಲೂಪಲ್ಲಿ ನೋಡಿದ್ರೆ ಒಳಗೆ ಗುಂಡನೆ ಗುಳ್ಳೆಗಳು, ಒಡೆದ ಜಾಗ ಸೋಡಾ ಬಾಟ್ಲಿ ಒಡೆದಂಗೆ ಚಿಪ್ಪುಚಿಪ್ಪು, ಗಾಜು. ಅಂಥವು ನಾಲ್ಕು. ಇಲ್ಲಿಗೆ ಹದಿಮೂರು ಹೋಯ್ತು. ಮಿಕ್ಕ 24 ಎಲ್ಲಾ 3.9ರಿಂದ 4.1ರ ಒಳಗೆ ಬಂದ್ವು. ಕೊರಂಡಂ ನಂಬರ್ 4.00.

ಭಾವ ಎದ್ದು ನಿಂತೇಬಿಟ್ರು. ‘ಇಪ್ಪತ್ನಾಲ್ಕು ಮಾಣಿಕ್ಯ! ಹದಿಮೂರು ಹೋದ್ರೆ ಹೋಗ್ಲಿ ಬಿಡು!’

ಇದೇ ಜಾಗದಲ್ಲಿ ತುಂಬ ಜನ ನಿಂತ್ಬಿಡ್ತಾರೆ. ಅರ್ಧಂಬರ್ಧ ಕಲ್ತ ನನ್ನಂಥೋರು ಜಾಸ್ತಿ. ಒಂದು ಟೆಸ್ಟು ಪಾಸ್ ಆದ್ರೆ ಎರಡನೇದು ಮಾಡೋಕೆ ಮನಸ್ಸೇ ಬರಲ್ಲ, ಎಲ್ಲಿ ಫೇಲಾಗ್ಬಿಡುತ್ತೋ ಅಂತ ಭಯ. ಗಾರ್ನೆಟ್ ಅಂತ ಬೇರೆನೇ ಒಂದು ಕೆಂಪು ಕಲ್ಲಿದೆ, ಅದ್ರಲ್ಲಿ ಆಲ್ಮಂಡೈನ್ ಅಂತ ಒಂದು ಜಾತಿ, ನಮ್ಮ ಕಡೆ ನೆಲದಲ್ಲಿ ಧಾರಾಳ, ಅದರ ನಂಬರ್ರೂ 4ರ ಸುತ್ತಮುತ್ತಾನೇ. ಒಂದು ಕಲ್ಲು 12.18ಕ್ಕೆ 2.99, ಅಂದ್ರೆ 4.07 ಬಂದಿತ್ತು, ಅದನ್ನ ನೋಡಿ ಮಾಣಿಕ್ಯ ಅಂತಾನೂ ಹೇಳೋಕಾಗಲ್ಲ ಗಾರ್ನೆಟ್ ಅಂತಾನೂ ಹೇಳೋಕಾಗಲ್ಲ.

ಅದಕ್ಕೆ ಮ್ಯಾಗ್ನೆಟ್. ಆನ್‌ಲೈನಲ್ಲಿ ಸಿಗೋ ಪುಟ್ಟ ನಿಯೋಡಿಮಿಯಂ ಮ್ಯಾಗ್ನೆಟ್, ಫ್ರಿಜ್ಜಿಗೆ ಅಂಟಿಸೋ ಕರಿ ಮ್ಯಾಗ್ನೆಟ್ ಸಾಲಲ್ಲ. ಬಕೆಟ್ ನೀರಲ್ಲಿ ಥರ್ಮೋಕೋಲ್ ತುಂಡು ತೇಲಿಬಿಟ್ಟು ಅದರ ಮೇಲೆ ಕಲ್ಲು ಇಟ್ಟು, ಮ್ಯಾಗ್ನೆಟ್ ಹತ್ರ ತಂದ್ವಿ. ಆಲ್ಮಂಡೈನಲ್ಲಿ ಕಬ್ಬಿಣ ಜಾಸ್ತಿ, ಥರ್ಮೋಕೋಲ್ ದೋಣಿ ಮ್ಯಾಗ್ನೆಟ್ ಹಿಂದೇನೇ ಬರುತ್ತೆ. ಮಾಣಿಕ್ಯ ಅಲ್ಲಾಡಲ್ಲ. ಮಕ್ಕಳಿಬ್ರೂ ಬಂದು ಕೂತ್ರು, ಅವ್ರಿಗೆ ಆಟ. ಒಂದೊಂದು ಕಲ್ಲು ಮ್ಯಾಗ್ನೆಟ್ ಹಿಂದೆ ಈಜ್ಕೊಂಡು ಬಂದಾಗ್ಲೂ ಮಕ್ಕಳು ಕೇಕೆ ಹಾಕೋದು, ಭಾವನ ಮುಖ ಒಂದೊಂದು ಇಂಚು ಇಳಿಯೋದು. ಹದಿನೈದು ಈಜಿ ಬಂದ್ವು. ಆಮೇಲೆ ಅವನ್ನ ಸರಿಯಾಗಿ ತಿರುಗಿಸಿ ನೋಡಿದ್ರೆ ಮುಂಚೆನೇ ಕಾಣ್ಬೇಕಿತ್ತು, ಕೆಲವು ಕಲ್ಲು ಚೆಂಡಿನ ತರ, ಮೈಮೇಲೆಲ್ಲಾ ಕೊಬ್ಬರಿ ಮಿಠಾಯಿ ಕತ್ತರಿಸಿದಂಗೆ ವಜ್ರಾಕೃತಿ ಮುಖಗಳು, ಅದು ಗಾರ್ನೆಟ್ ಹುಟ್ಟೋ ರೂಪ. ಮಾಣಿಕ್ಯ ಹುಟ್ಟೋದು ಆರು ಮೂಲೆ ಕಂಬದ ತರ ಇಲ್ಲಾ ಚಪ್ಪಟೆ ಬಿಲ್ಲೆ ತರ, ತಲೆ ಮೇಲೆ ಕೆಲವ್ಸಲ ಸಣ್ಣ ತ್ರಿಕೋನದ ಗುರುತು ಇರುತ್ತೆ.

ಉಳಿದಿದ್ದು ಒಂಬತ್ತು. ರೂಮಿನ ಕಿಟಕಿ ಮುಚ್ಚಿ, ಕಂಬಳಿ ಎಳ್ಕೊಂಡು, 365 ನ್ಯಾನೋಮೀಟರಿನ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ವಿ. ಆರು ಕಲ್ಲು ಮಂಕಾಗಿ, ಅಲ್ಲಲ್ಲಿ ಮಾತ್ರ, ಆರೋಕೆ ಬಂದ ಒಲೆ ತರ ಕೆಂಪಗಾದ್ವು. ಮೂರು ಕಲ್ಲು, ಅಯ್ಯಪ್ಪಾ, ನಿಗಿನಿಗಿ ಕೆಂಡ. ಕಂಬಳಿ ಒಳಗೇ ಭಾವ ನನ್ನ ತೋಳು ಹಿಡ್ಕೊಂಡ್ರು. ಆ ಮೂರೇ ಕಲ್ಲು ಆ ಮನುಷ್ಯ ಪೆನ್ನಲ್ಲಿ ಚುಚ್ಚಿ ತೋರಿಸಿದ್ದು. ನೋಡೋಕೂ ಅವೇ ಚೆಂದ, ಒಳ್ಳೆ ಬಣ್ಣ, ಬೆಳಕು ಆರ್‌ಪಾರ್. ಭಾವ ಯೂಟ್ಯೂಬಲ್ಲಿ ನೋಡಿದ್ರಂತೆ, ಬರ್ಮಾ ಮಾಣಿಕ್ಯ ಹಿಂಗೇ ಹೊಳೆಯುತ್ತೆ ಅಂತ. ಅದು ನಿಜಾನೇ. ಮಾಣಿಕ್ಯದೊಳಗಿನ ಕ್ರೋಮಿಯಂ ಯುವಿಗೆ ಕೆಂಪಗೆ ಉರಿಯುತ್ತೆ, ಕಬ್ಬಿಣ ಇದ್ರೆ ಆ ಉರಿ ಮಂಕಾಗುತ್ತೆ, ಬರ್ಮಾದ ಕಲ್ಲಲ್ಲಿ ಕಬ್ಬಿಣ ಕಮ್ಮಿ.

ಕಬ್ಬಿಣ ಇನ್ನೂ ಕಮ್ಮಿ ಇರೋ ಮಾಣಿಕ್ಯ ಒಂದಿದೆ, ಅದು ಫ್ಯಾಕ್ಟರೀದು. ಆದ್ರೆ ಆವಾಗ್ಲೇ ಬಾಯಿ ಬಿಡ್ಲಿಲ್ಲ ನಾನು. ಮೂರನ್ನೂ ಕಿಟಕಿ ಹತ್ರ ತಂದು ಕೈಯಲ್ಲಿ ತಿರುಗಿಸ್ತಾ ಕೂತೆ. ಒಂದು ಕಡೆ ಗುಂಡಗೆ, ಇನ್ನೊಂದು ಕಡೆ ಸಪಾಟು. ಮೈಯೆಲ್ಲಾ ಹೊಳೆ ಕಲ್ಲಿನ ತರ ಸವೆಸಿದಾರೆ, ಡ್ರಮ್ಮಲ್ಲಿ ಮರಳು ಜೊತೆ ಉರುಳಿಸಿದ್ರೆ ಅಷ್ಟಾಗುತ್ತೆ. ಸುಮ್ನೆ 22ನೇ ನಂಬರ್ರು 31ನೇ ನಂಬರ್ರು ಎರಡನ್ನೂ ಸಪಾಟು ಮುಖ ಎದುರುಬದುರು ಇಟ್ಟು ಒತ್ತಿದೆ. ಕಡ್ಲೆಬೀಜದ ಎರಡು ಹೋಳು ಸೇರಿದಂಗೆ ಸೇರ್ಕೊಂಡ್ವು.

ಅಂಚು ಸವೆದಿತ್ತು, ಆದ್ರೂ ಒಂದೇ ಕಲ್ಲಿನ ಎರಡು ಅರ್ಧ ಅಂತ ಮಗೂಗೂ ಗೊತ್ತಾಗ್ತಿತ್ತು. ಅಜ್ಜನ ಬಾವೀಲಿ ಸಿಕ್ಕ ಕಲ್ಲು ಹಂಗೆ ಉದ್ದಕ್ಕೆ ಎರಡು ಹೋಳಾಗಿರಲ್ಲ. ಹಂಗಾಗೋದು ಬೂಲ್ ಮಾತ್ರ.

ಬೂಲ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು. ಫ್ರಾನ್ಸಿನ ಕೆಮಿಸ್ಟ್ ಆಗಸ್ಟ್ ವೆರ್ನುಯ್ ಅನ್ನೋರು 1902ರಲ್ಲಿ ಈ ವಿಧಾನ ಹೊರಗೆ ಹಾಕಿದ್ರು. ಅಲ್ಯುಮಿನಾ ಪುಡಿಗೆ ಚೂರು ಕ್ರೋಮಿಯಂ ಸೇರಿಸಿ, ಮೇಲಿಂದ ಜರಡಿ ಹಿಡಿದಂಗೆ ಉದುರಿಸ್ತಾರೆ, ಮಧ್ಯ ಹೈಡ್ರೋಜನ್-ಆಕ್ಸಿಜನ್ ಜ್ವಾಲೆ, ಪುಡಿ ಅದರಲ್ಲಿ ಕರಗಿ ಕೆಳಗೆ ಮೇಣದ ಹನಿ ಹನಿ ಕೂತಂಗೆ ಕೂತು ಕೆಲವು ಗಂಟೇಲಿ ಬಾಟ್ಲಿ ಆಕಾರದ ಒಂದು ಕೆಂಪು ಗಟ್ಟಿ ಆಗುತ್ತೆ. ತಣ್ಣಗಾದಾಗ ಒಳಗೆ ಬಿಗಿತ ಇರುತ್ತಲ್ಲ, ತಟ್ಟಿದ್ರೆ ಉದ್ದಕ್ಕೆ ಎರಡಾಗಿ ಸೀಳುತ್ತೆ. ರಾಸಾಯನಿಕವಾಗಿ ಅದು ಮಾಣಿಕ್ಯಾನೇ, ಗಟ್ಟಿತನ, ಭಾರ, ಪೆನ್ ಟೆಸ್ಟರ್, ಯುವಿ ಎಲ್ಲಾ ಪಾಸ್, ಅಸಲಿಗಿಂತ ಚೆನ್ನಾಗೇ ಪಾಸ್. ನಮ್ಮಪ್ಪನ ಎಚ್‌ಎಂಟಿ ವಾಚ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿತ್ತಲ್ಲ, ಆ ಜ್ಯುವೆಲ್ಲು ಇದೇ ಜಾತಿ. ಬೆಲೆ ಮಾತ್ರ ಚಿಲ್ಲರೆ.

ಕನ್ಫರ್ಮ್ ಮಾಡ್ಕೊಳೋಕೆ ಬಿಳಿ ಬಟ್ಟಲಲ್ಲಿ ಗ್ಲಿಸರಿನ್ ಹಾಕಿ ಕಲ್ಲು ಮುಳುಗಿಸಿ, ಕೆಳಗಿಂದ ಬೆಳಕು ಬಿಟ್ಟು ಲೂಪಲ್ಲಿ ನೋಡಿದೆ. ಈರುಳ್ಳಿ ಕೊಯ್ದಾಗ ಕಾಣೋ ಪದರದ ತರ ಬಾಗಿದ ಗೆರೆಗಳು, ತುಂಬಾ ಸಣ್ಣಕ್ಕೆ. ನೆಲದಲ್ಲಿ ಬೆಳೆದ ಮಾಣಿಕ್ಯದಲ್ಲಿ ಗೆರೆ ಇದ್ರೆ ನೇರ ಇರುತ್ತೆ, ತಿರುಗಿದ್ರೆ ಜೇನುಗೂಡಿನ ಕಣ್ಣಿನ ತರ ಮೂಲೆ ಮುರಿದು ತಿರುಗುತ್ತೆ, ಬಿಲ್ಲಿನ ತರ ಬಾಗಲ್ಲ. ನನಗೆ ಕಂಡಿದ್ದು ನಿಜಾನಾ, ಇಲ್ಲಾ ಕಾಣ್ಬೇಕು ಅಂತ ಕಂಡಿದ್ದಾ ಅಂತ ಅನುಮಾನ ಇತ್ತು, ಅದಕ್ಕೆ ಸೋಮವಾರ ಭಾವನ್ನೂ ಕಲ್ಲನ್ನೂ ಬೆಂಗಳೂರಿಗೆ ಕರ್ಕೊಂಡು ಹೋದೆ.

ನಗರತ್‌ಪೇಟೇಲಿ ಒಬ್ರು ವಯಸ್ಸಾದ ಕಲ್ಲು ಕುಯ್ಯೋರು ಇದಾರೆ, ಮೂಲ ತಿರುಚ್ಚಿ. ಕೃತಕ ಕಲ್ಲು ಕುಯ್ಯೋದೇ ಒಂದು ಕಾಲದಲ್ಲಿ ತಿರುಚ್ಚೀಲಿ ಮನೆಮನೆ ಕಸುಬು. ಅವ್ರು ಲೂಪೂ ಹಾಕ್ಲಿಲ್ಲ, 31ನೇ ನಂಬರ್ ಕೈಗೆ ತಗೊಂಡು ಸಪಾಟು ಮುಖದ ಮೇಲೆ ಹೆಬ್ಬೆರಳು ಸವರಿ ನಕ್ರು. ‘ತಂಬಿ, ಇದನ್ನ ನಾನು ಹದಿನೈದು ವರ್ಷ ಕುಯ್ದಿದೀನಿ. ಇದಕ್ಕೆ ಎಷ್ಟು ಕೊಟ್ರಿ?’ ಭಾವ ಅವತ್ತು ಅವ್ರಿಗೆ ಬೆಲೆ ಹೇಳ್ಲೇ ಇಲ್ಲ.

ಆಮೇಲೂ ಭಾವನ ಸಮಾಧಾನಕ್ಕೆ ಅಂತ ಅದ್ರಲ್ಲಿ ಒಂದು, ಮಂಕಾಗಿದ್ದ ಆರರಲ್ಲಿ ಒಂದು, ಎರಡನ್ನ ಲ್ಯಾಬಿಗೆ ಕೊಟ್ವಿ, ಎರಡಕ್ಕೂ ಸೇರಿ 2,400 ಆಯ್ತು. ಮೊದಲನೇದು ಸಿಂಥೆಟಿಕ್, ಎರಡನೇದು ನ್ಯಾಚುರಲ್ ಕೊರಂಡಂ. ಎರಡನೇ ರಿಪೋರ್ಟ್ ನೋಡಿ ಭಾವನಿಗೆ ಮತ್ತೆ ಆಸೆ ಚಿಗುರಿತು, ನ್ಯಾಚುರಲ್ ಅಂತ ಬರೆದಿದೆಯಲ್ಲ, ಸೀಲು ಇದೆಯಲ್ಲ. ಲ್ಯಾಬ್ ರಿಪೋರ್ಟಲ್ಲಿ ಇರೋದು ಕಲ್ಲಿನ ಜಾತಿ, ಬೆಲೆ ಇರಲ್ಲ. ಮತ್ತೆ ರಿಪೋರ್ಟ್ ಜೊತೆ ಕಲ್ಲು ಮಾರೋರನ್ನ ನೋಡಿದ್ರೆ ಮೊದ್ಲು ತೂಕ ಹಾಕಿ, ರಿಪೋರ್ಟಲ್ಲಿರೋ ತೂಕ ದಶಮಾಂಶದ ಎರಡು ಸ್ಥಾನದ ತನಕ ಕೂಡ್ಬೇಕು, ಫೋಟೋ ಕೂಡ್ಬೇಕು. ಒಂದು ಒಳ್ಳೆ ಕಲ್ಲಿನ ರಿಪೋರ್ಟು ಹತ್ತು ಕಲ್ಲಿಗೆ ಓಡಾಡೋದು ಹೊಸದೇನಲ್ಲ. ರಫ್ ಕಲ್ಲಿನ ರಿಪೋರ್ಟಂತೂ ಕುಯ್ದ ಮರುಕ್ಷಣ ಬರೀ ಕಾಗದ, ತೂಕಾನೂ ರೂಪಾನೂ ಬದಲಾಯ್ತಲ್ಲ.

ಈಗ ಅಸಲಿ ಆರು ಕಲ್ಲಿನ ಮಾತು. ನಾನು ಈ ಕೇಸ್ ಬರೆಯೋಕೆ ಕೂತಿದ್ದೇ ಇದಕ್ಕೆ. ನಕಲಿ ಹಿಡಿಯೋದನ್ನ ಎಲ್ರೂ ಹೇಳ್ಕೊಡ್ತಾರೆ, ಅಸಲಿ ಕಲ್ಲೇ ಮೋಸ ಆಗೋದನ್ನ ಯಾರೂ ಹೇಳಲ್ಲ. ಆರೂ ಸೇರಿ 74 ಗ್ರಾಂ, 370 ಕ್ಯಾರೆಟ್. ನೇರಳೆ ಮಿಶ್ರಿತ ಕೆಂಪು, ಬೆಳಕು ಹೋಗಲ್ಲ, ಒಳಗೆ ಕರಿ ಮೈಕಾ, ಅಡ್ಡಡ್ಡ ಸೀಳು. ಆ ಕಲ್ಲು ಕುಯ್ಯೋ ಯಜಮಾನ್ರು ಒಂದೊಂದೇ ಎತ್ತಿ ಟಾರ್ಚಿಗೆ ಹಿಡಿದು ನಾಲ್ಕನ್ನ ಪಕ್ಕಕ್ಕೆ ಇಟ್ರು, ‘ಚಕ್ರಕ್ಕೆ ಕೊಟ್ರೆ ಪುಡಿ.’ ಎರಡನ್ನ ಇಟ್ಕೊಂಡ್ರು. ಅದ್ರಲ್ಲಿ ದೊಡ್ಡದು 14.62 ಗ್ರಾಂ, 73 ಕ್ಯಾರೆಟ್. ಅದರ ಚಪ್ಪಟೆ ತಲೆ ಸ್ವಲ್ಪ ಸಾಣೆ ಹಿಡಿದು, ಒಂದು ಹನಿ ಎಣ್ಣೆ ಬಿಟ್ಟು, ಒಂದೇ ಟಾರ್ಚಿನ ಬೆಳಕು ಹಾಕಿದ್ರೆ ತೆಳ್ಳಗೆ ಆರು ಗೆರೆ ನಕ್ಷತ್ರ! ಕಲ್ಲೊಳಗೆ ರುಟೈಲ್ ಅನ್ನೋ ಖನಿಜದ ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಹಾಸ್ಕೊಂಡಿದ್ರೆ ಹಂಗೆ ಕಾಣೋದು, ಗುಮ್ಮಟದ ಆಕಾರಕ್ಕೆ ಕುಯ್ದ್ರೆ ಮಾತ್ರ ಎದ್ದು ನಿಲ್ಲುತ್ತೆ. ಕುಯ್ದ್ರು. 73 ಕ್ಯಾರೆಟ್ ಹೋಗಿ 21 ಕ್ಯಾರೆಟ್ ಉಳೀತು. ಮಿಕ್ಕಿದ್ದೆಲ್ಲಾ ಚಕ್ರದ ಕೆಳಗಿನ ಕೆಸರು. ನೂರಕ್ಕೆ ಇಪ್ಪತ್ತೊಂಬತ್ತು, ಯಜಮಾನ್ರು ‘ಇದು ಒಳ್ಳೆ ಇಳುವರಿ’ ಅಂದ್ರು!

ಭತ್ತ ತಗೊಳೋನು ಅಕ್ಕಿ ಎಷ್ಟು ಬರುತ್ತೆ ಅಂತ ಕೇಳ್ತಾನೆ, ಕಲ್ಲು ತಗೊಳೋನು ಕೇಳಲ್ಲ. ರಫ್ ರೇಟು ಕ್ಯಾರೆಟ್‌ಗೆ 87 ಅಂದ್ರೆ, ಉಳಿಯೋದು ಕಾಲು ಭಾಗ ಅಂತ ಇಟ್ಕೊಂಡ್ರೂ ಕುಯ್ದ ಕಲ್ಲಿನ ಅಸಲು 350ರ ಹತ್ರ ಹೋಯ್ತು, ಕೂಲಿ ಬೇರೆ, ಆರಲ್ಲಿ ನಾಲ್ಕು ಪುಡಿ ಆಗೋ ಲೆಕ್ಕ ಬೇರೆ. ಈ ಮಂಕು ನಕ್ಷತ್ರದ ಕಲ್ಲಿಗೆ ಅಷ್ಟು ಯಾರು ಕೊಡ್ತಾರೆ? ಎರಡೂ ಕಲ್ಲಿಗೆ ಸೇರಿ ಎರಡ್ಮೂರು ಸಾವಿರ ಸಿಕ್ರೆ ಪುಣ್ಯ ಅಂದ್ರು ಯಜಮಾನ್ರು. ಹಂಗಾಗಿ ಆ ಚೀಲದಲ್ಲಿ 37ಕ್ಕೆ 37 ಕಲ್ಲೂ ಇಂಥ ಅಸಲಿ ಮಾಣಿಕ್ಯಾನೇ ಆಗಿದ್ರೂ ಭಾವ ಮುಳುಗ್ತಿದ್ರು, ಯಾವ ಲ್ಯಾಬೂ ನಕಲಿ ಅಂತ ಹೇಳ್ತಿರ್ಲಿಲ್ಲ, ಯಾರ ಮೇಲೂ ಕಂಪ್ಲೇಂಟ್ ಕೊಡೋಕೂ ಆಗ್ತಿರ್ಲಿಲ್ಲ.

ಪಕ್ಕದ ಮಾತು ಒಂದು. ಇಂಥ ಮಂಕು ಕಲ್ಲನ್ನ ಆಸಿಡ್ಡಲ್ಲಿ ತೊಳೆದು ಬಿರುಕಿಗೆ ಸೀಸದ ಗಾಜು ಕರಗಿಸಿ ತುಂಬಿ ಫಳಫಳ ಮಾಡೋ ಕೆಲಸ 2004ರ ಆಸುಪಾಸಿಂದ ಮಾರ್ಕೆಟ್ ತುಂಬಾ ಇದೆ. ಅಗ್ಗಕ್ಕೆ ಸಿಗೋ ಹೊಳೆಯೋ ಮಾಣಿಕ್ಯ ಬಹುಪಾಲು ಅದು. ಲೂಪಲ್ಲಿ ತಿರುಗಿಸಿದ್ರೆ ಬಿರುಕಲ್ಲಿ ನೀಲಿ ಮಿಂಚು, ಗುಳ್ಳೆ ಕಾಣುತ್ತೆ. ನಿಂಬೆರಸ ಬಿದ್ರೂ ಆ ಗಾಜು ಹಾಳಾಗುತ್ತೆ, ಅಕ್ಕಸಾಲಿ ಬೆಂಕಿ ತೋರಿಸಿದ್ರಂತೂ ಮುಗೀತು.

ಇನ್ನು ಆ ಮನುಷ್ಯ. ಹತ್ತನೇ ದಿನ ಕರೆಕ್ಟಾಗಿ ಫೋನ್ ಮಾಡಿದ, ಬ್ಯಾಲೆನ್ಸ್ ಕೇಳಿದ. ಭಾವ ಬಯ್ಯೋಕೆ ಹೊರಟಿದ್ರು, ನಾನು ಸನ್ನೆ ಮಾಡಿ, ‘ದುಡ್ಡು ರೆಡಿ ಇದೆ, ಒಂದು ಬಿಲ್ಲು ಮಾಡಿ ತನ್ನಿ ಅನ್ನಿ’ ಅಂದೆ. ಬಿಲ್ ಮಾಡಿದ್ರೆ ಜಿಎಸ್‌ಟಿ ಬೀಳುತ್ತೆ, ನಿಮಗೇ ಲಾಸು ಅಂದ ಅವನು. ಕುಯ್ಯದ ಕಲ್ಲಿಗೆ ಜಿಎಸ್‌ಟಿ 0.25 ಪರ್ಸೆಂಟು. 1,80,000ಕ್ಕೆ 450 ರೂಪಾಯಿ. ‘ಆ ನಾನೂರೈವತ್ತು ನಾನೇ ಕೊಡ್ತೀನಿ ಬಾರಪ್ಪ’ ಅಂದ್ರು ಭಾವ. ಸಿಗ್ನಲ್ ಸರಿ ಇಲ್ಲ ಅಂತ ಕಟ್ ಮಾಡಿದ, ಅವತ್ತಿಂದ ನಂಬರ್ ಸ್ವಿಚ್ಡ್ ಆಫ್.

ಚೀಲ ಬಿಟ್ಟು ಹೋಗಿದ್ದೇ ನಾವು ಓದ್ಬೇಕಿದ್ದ ಸುಳಿವು. 40 ಸಾವಿರ ಇಸ್ಕೊಂಡು ಒಂದೂ ಮುಕ್ಕಾಲು ಲಕ್ಷಕ್ಕೂ ಮೇಲಿನ ಮಾಲು ಯಾರಾದ್ರೂ ಬಿಟ್ಟು ಹೋಗ್ತಾರಾ? ಅವನ ಲೆಕ್ಕದಲ್ಲಿ ವ್ಯಾಪಾರ ಅವತ್ತೇ ಮುಗಿದಿತ್ತು, ಬ್ಯಾಲೆನ್ಸ್ ಬಂದ್ರೆ ಬೋನಸ್. ಕಾಡು, ಗುಟ್ಟು, ಸರ್ಕಾರದ ಭಯ, ಆ ಕಥೇನೂ ಸುಮ್ನೆ ಹೇಳಿದ್ದಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂದ್ರೆ ಭಾವ ಒಪ್ಪಲಿಲ್ಲ, ‘ಕಾಡಿನ ಕಲ್ಲು ಅಂತ ಗೊತ್ತಿದ್ದೂ ಯಾಕೆ ತಗೊಂಡೆ ಅಂದ್ರೆ ಏನಪ್ಪ ಹೇಳ್ಲಿ?’ ಅದೂ ಸರಿನೇ, 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಪರವಾನಗಿ ಇಲ್ದೆ ಅಗಿಯೋದಷ್ಟೇ ಅಲ್ಲ, ಅಂಥ ಖನಿಜ ಸಾಗಿಸೋದು, ಇಟ್ಕೊಳೋದೂ ತಪ್ಪೇ. ಗಿರಾಕಿನ ಪಾಲುದಾರ ಮಾಡ್ಕೊಂಡ್ರೆ ಅವನು ಬಾಯಿ ಬಿಡಲ್ಲ, ಇದು ಆ ಮನುಷ್ಯನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನನ್ನ ಕೇಳಿದ್ರೆ, ರಫ್ ತಗೊಳೋ ಆಸೆ ಇರೋರು ಚೀಲ ಮುಟ್ಟಲೇಬಾರ್ದು, ಒಂದೊಂದೇ ಕಲ್ಲು ತಗೋಬೇಕು. ನೀವೇ ಆರಿಸಿದ್ದು, ಒಂದು ಮೂಲೆ ಸಾಣೆ ಹಿಡಿದು ಒಳಗೆ ಕಾಣೋ ಹಂಗೆ ಕಿಟಕಿ ತೆಗೆದಿದ್ದು, ಬಿಲ್ ಇರೋದು. ಲ್ಯಾಬಲ್ಲಿ ಬೇರೆ ಬಂದ್ರೆ ವಾಪಸ್ ತಗೋತೀನಿ ಅಂತ ಅದೇ ಬಿಲ್ಲಲ್ಲಿ ಬರೆಸ್ಕೊಳ್ಳಿ, ಬಾಯಿ ಮಾತು ಬೇಡ. ಲೆಕ್ಕ ಹಿಂದಿನಿಂದ ಹಾಕಿ, ಕುಯ್ದ ಮೇಲೆ ಏನು ಉಳಿಯುತ್ತೆ, ಅದಕ್ಕೆ ನಾಳೆ ಬೆಳಿಗ್ಗೆ ಯಾರು ಎಷ್ಟು ಕೊಡ್ತಾರೆ, ಅದರಲ್ಲಿ ಕೂಲಿ ಕಳೆದು ಬಂದಿದ್ದು ನಿಮ್ಮ ಮೇಲಿನ ಮಿತಿ. ಜೈಪುರಕ್ಕೆ ಹೋಗಿ ತಗೊಂಡ್ರೆ ಮೋಸ ಇಲ್ಲ ಅನ್ನೋ ಭ್ರಮೆನೂ ಬೇಡ, ಅಲ್ಲಿ ಒಳ್ಳೆ ಮಾಲೂ ಜಾಸ್ತಿ ನಕಲಿನೂ ಜಾಸ್ತಿ. ಕಲಿಯೋಕೆ ಅಂತಾನೇ ಆದ್ರೆ ಕುಯ್ಯೋರ ಹತ್ರ ಉಳಿದ ತುಂಡು ಸಿಗ್ತವೆ, ಗಾರ್ನೆಟ್, ಅಮೆಥಿಸ್ಟ್, ಐನೂರು ರೂಪಾಯಿಗೆ ಒಂದು ಹಿಡಿ. ತಪ್ಪು ಮಾಡೋಕೆ ಅವೇ ಸಾಕು.

ಈ ಕೇಸಿನ ಖರ್ಚು: ಅಡ್ವಾನ್ಸ್ 40,000, ಲ್ಯಾಬ್ 2,400, ಎರಡು ಕಲ್ಲು ಕುಯ್ಯೋ ಕೂಲಿ 900, ಓಡಾಟ ಬಿಟ್ಟು ಒಟ್ಟು 43,300. ಕೈಯಲ್ಲಿರೋದು 21 ಕ್ಯಾರೆಟ್ಟಿನ ಒಂದು ನಕ್ಷತ್ರದ ಕಲ್ಲು, ಅದಕ್ಕಿಂತ ಸಣ್ಣದು ಇನ್ನೊಂದು. ಬೂಲ್ ತುಂಡು ಮೂರೂ ನನ್ನ ಹತ್ರ ಇದೆ, ಯುವಿ ಟಾರ್ಚ್ ಸರಿ ಇದೆಯಾ ಅಂತ ಚೆಕ್ ಮಾಡೋಕೆ ಒಳ್ಳೇದು. ಗಾರ್ನೆಟ್ ಹದಿನೈದನ್ನೂ ಅಕ್ಕ ತುಳಸಿಕಟ್ಟೆ ಸುತ್ತ ಜೋಡಿಸಿದಾಳೆ, ನೀರು ಹಾಕಿದಾಗ ಚೆನ್ನಾಗಿ ಕಾಣ್ತವೆ ಅಂತಾಳೆ.